ಬ್ಯಾರನ್ನಿನಲ್ಲಿ ಬೆಂದ ಹಲಸು

ನಮ್ಮ ಮನೆಯ ಅಟ್ಟದ ಮೇಲೆ ಹಲಸಿನ ಮರದ ಒಂದು ಕೋವಿಯ ಹಿಡಿ ಬಿದ್ದಿದೆ. ಹಿಡಿ ಎಂದರೆ ಭುಜಕ್ಕೆ ಒರಗಿಸಿಕೊಳ್ಳುವಲ್ಲಿಂದ ನಳಿಗೆ ಕೂರುವ ತನಕದ ಇಡೀ ಮರ. ಬಣ್ಣ ಜೇನುತುಪ್ಪದ್ದು, ಕೆತ್ತನೆ ಚೆಂದ, ಮೂಗಿನ ಹತ್ತಿರ ತಂದರೆ ಮಾತ್ರ ಬೇಯಿಸಿದ ಹೊಗೆಸೊಪ್ಪಿನ ವಾಸನೆ. ನಾನು ಮೂವತ್ತು ವರ್ಷದಿಂದ ಹೊಗೆಸೊಪ್ಪು ಬೆಳೆಯುವವನು, ಆ ವಾಸನೆಯಲ್ಲೇ ಉಂಡು ಮಲಗಿದವನು. ಆದರೂ ಆ ಹಿಡಿಯಿಂದ ಬಂದರೆ ನನಗೆ ವಾಕರಿಕೆ ಬರುತ್ತದೆ. ಒಲೆಗೆ ಹಾಕಲೆಂದು ಎರಡು ಸಲ ಇಳಿಸಿದೆ, ಎರಡು ಸಲವೂ ವಾಪಸ್ಸು ಇಟ್ಟೆ. ಸುಟ್ಟು ಕೈತೊಳೆದುಕೊಂಡರೆ ನಾನು ಮಾಡಿದ್ದು ಮರೆತುಹೋಗುತ್ತದೆ, ಆ ಸುಖ ನನಗೆ ಸಿಗಬಾರದು.

ನಮ್ಮದು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಒಂದು ಊರು. ಹೊಗೆಸೊಪ್ಪು, ರಾಗಿ, ಒಂದಿಷ್ಟು ಮುಸುಕಿನ ಜೋಳ. ಹೊಲಕ್ಕೆ ಹಂದಿ ನುಗ್ಗುತ್ತವೆ ಎಂದು ಅಪ್ಪನ ಹೆಸರಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸೂ ಒಂಟಿ ನಳಿಗೆಯ ಒಂದು ಕೋವಿಯೂ ಇದ್ದವು. ಅದರಿಂದ ಅಪ್ಪ ಹಂದಿಯನ್ನು ಕೊಂದದ್ದಿಲ್ಲ, ಆಕಾಶಕ್ಕೆ ಒಂದು ಈಡು ಹೊಡೆದು ಓಡಿಸುತ್ತಿದ್ದ. ಅವನ ಗುರಿ ಲೋಕಕ್ಕೆ ಕಾಣಿಸುತ್ತಿದ್ದದ್ದು ವರ್ಷಕ್ಕೊಮ್ಮೆ, ಕೊಡಗಿನ ಗಡಿಯ ಊರಿನಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ. ಬಯಲಿನ ಆ ತುದಿಯಲ್ಲಿ ಮಣ್ಣಿನ ದಿಬ್ಬದ ಮುಂದೆ ಕಾಯಿ ಕಟ್ಟಿರುತ್ತಾರೆ, ಒಬ್ಬೊಬ್ಬನಿಗೆ ಮೂರು ಈಡು, ಒಡೆದವನು ಗೆದ್ದ. ಅಪ್ಪ ಒಡೆದ ಕಾಯಿಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ. ಅವ್ವ ಬದುಕಿದ್ದಷ್ಟು ದಿನ ಅದರೊಳಗಿನ ಸೀಸದ ಚೂರನ್ನು ಗೊಣಗುತ್ತಾ ಹುಡುಕಿ ಬಿಸಾಕಿ, ಆಮೇಲೆ ಚಟ್ನಿ ಅರೆಯುತ್ತಿದ್ದಳು.

ಅಪ್ಪನಿಗೆ ಎಪ್ಪತ್ತು ದಾಟಿದ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂತು. ಅವತ್ತಿನಿಂದ ಅವನು ಕೋವಿ ಮುಟ್ಟಲಿಲ್ಲ. “ನನ್ನೆಸ್ರಲ್ಲಿಲ್ಲ ಕಣ್ಲಾ, ಮುಟ್ಬಾರ್ದು” ಎಂದು ಗೋಡೆಯ ಮೊಳೆಯಿಂದ ಅದನ್ನು ತೆಗೆದು ನನ್ನ ಕೈಗಿಟ್ಟ. ನಾನು ಅದನ್ನು ಮೈಸೂರಿನ ಅಂಗಡಿಗೆ ಒಪ್ಪಿಸಿ, ಹೋದ ವರ್ಷ ಯುಗಾದಿ ಕಳೆದ ಮೇಲೆ, ಹೊಸ ಪಾಯಿಂಟ್ ಟೂ ಟೂ ರೈಫಲ್ಲು ತಂದೆ. ಸಾದಾ ಮರದ ಹಿಡಿ, ನಳಿಗೆಯ ತುದಿಯಲ್ಲಿ ಗುರಿ ನೋಡಲು ಒಂದು ಸಣ್ಣ ಮಣಿ. ಹೊಲದ ಬದುವಿನ ಮಣ್ಣಿಗೆ ಮೂರು ಈಡು ಹೊಡೆದೆ, ಮೂರೂ ಒಂದು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬಿದ್ದವು. ಅಪ್ಪ ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ, ಮುಟ್ಟದೆ ನೋಡಿದ.

“ಚೆನ್ನಾಗದೆ ಕಣ್ಲಾ. ಇಂಗೇ ಇರ್ಲಿ,” ಎಂದ.

ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅದೇ ಸುಮಾರಿಗೆ ಅಪ್ಪನ ಬಲಗಣ್ಣಿನ ಪೊರೆ ತೆಗೆಸಿದೆವು. ಡಾಕ್ಟರು ಕಣ್ಣು ಚೆನ್ನಾಗಿದೆ ಎಂದು ಕಳಿಸಿದರು. ಅಪ್ಪ ಮಾತ್ರ ನಂಬಲಿಲ್ಲ. “ಎಲ್ಲಾ ನೀಲಿ ಬಳ್ದಂಗೆ ಕಾಣ್ತದೆ” ಎನ್ನುತ್ತಿದ್ದ. ಇನ್ಯಾರಾದರೂ ಆಗಿದ್ದರೆ ನೀಲಿ ಕಂಡರೆ ಕಾಣಲಿ ಎನ್ನಬಹುದಿತ್ತು. ಅಪ್ಪನ ಕೆಲಸ ಹಾಗಲ್ಲ. ಬ್ಯಾರನ್ನಿನಲ್ಲಿ, ಅಂದರೆ ನಮ್ಮ ಹೊಗೆಸೊಪ್ಪು ಬೇಯಿಸುವ ಮನೆಯಲ್ಲಿ, ಬೆಂದು ಇಳಿದ ಎಲೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಗ್ರೇಡು ಮಾಡಬೇಕು. ನಿಂಬೆ ಹಳದಿ ಒಂದು ಕಡೆ, ಕಿತ್ತಳೆ ಒಂದು ಕಡೆ, ಕಂದು ಒಂದು ಕಡೆ, ಹಸಿರು ಕಲೆ ಇದ್ದದ್ದು ಬೇರೆ. ಹಳದಿಯ ರಾಶಿಯಲ್ಲಿ ನಾಲ್ಕು ಕಂದು ಎಲೆ ಕಂಡರೆ ಹರಾಜು ಕಟ್ಟೆಯಲ್ಲಿ ಇಡೀ ಬೇಲನ್ನೇ, ಅಂದರೆ ಕಟ್ಟಿದ ಮೂಟೆಯನ್ನೇ, ಕೆಳಗಿನ ದರಕ್ಕೆ ಇಳಿಸುತ್ತಾರೆ. ನಮ್ಮ ಮನೆಯ ಎಲೆಯನ್ನು ನಲವತ್ತು ವರ್ಷ ಗ್ರೇಡು ಮಾಡಿದ್ದು ಅಪ್ಪ ಒಬ್ಬನೇ. ಊರಿನ ಉಳಿದವರು ಸಂಶಯದ ಎಲೆ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಆ ಕೆಲಸ ಬಿಟ್ಟರೆ ಅವನಿಗೆ ಈ ಮನೆಯಲ್ಲಿ ಉಣ್ಣುವುದು, ಕೂರುವುದು ಅಷ್ಟೇ ಉಳಿಯುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವನು ಒಂದು ದಾರಿ ತಾನೇ ಕಂಡುಕೊಂಡ. “ಈ ಸಲ ಕಾಯಿ ಒಡೆಯೋ ಕಡೀಕೆ ನಾನೂ ಬತ್ತೀನಿ. ಅಲ್ಲಿ ಲೈಸೆನ್ಸ್ ಇಲ್ದೋರ್ಗೂ ಬುಡ್ತಾರೆ. ಒಂದೇ ಈಡು ಕೊಡು. ಬಿತ್ತಾ, ಎಲೆ ಮುಟ್ತೀನಿ. ಬೀಳ್ನಿಲ್ವಾ, ಕಣ್ಣೋಯ್ತು ಅಂತ ನೀನೇ ಗ್ರೇಡ್ ಮಾಡ್ಕೊ.”

ಹೂಂ ಎಂದೆ. ಬಾಯಿತುಂಬ ಹೂಂ ಎಂದೆ.

ಪಿರಿಯಾಪಟ್ಟಣದಲ್ಲಿ ಗೊಬ್ಬರದ ಅಂಗಡಿ ಇಟ್ಟ ಒಬ್ಬ ಗೆಳೆಯ ನನಗಿದ್ದ. ಇದ್ದ ಎನ್ನುತ್ತಿದ್ದೇನೆ, ಈಗಲೂ ಇದ್ದಾನೆ, ನಾನು ಆ ಅಂಗಡಿಯ ಮುಂದೆ ಹಾಯುವುದಿಲ್ಲ. ಯೂರಿಯಾ ಮೂಟೆಯ ಮೇಲೆ ಕೂತು ಮೊಬೈಲಿನಲ್ಲಿ ಯಾವ ಯಾವುದೋ ದೇಶದವರ ಕೋವಿಯ ವಿಡಿಯೋ ನೋಡುವುದು ಅವನ ಮುಖ್ಯ ಕಸುಬು, ಗೊಬ್ಬರ ಮಾರುವುದು ಉಪಕಸುಬು. ನನ್ನ ರೈಫಲ್ಲು ನೋಡಿದವನೇ ಮುಖ ಸಿಂಡರಿಸಿದ.

“ಇದೇನ್ಲಾ, ಮದ್ವೆ ಗಂಡು ಬನೀನಲ್ಲಿ ಬಂದಂಗದೆ! ಸ್ಕೋಪ್ ಹಾಕ್ಸು ಕಣ್ಲಾ ಮೊದ್ಲು.”

ಸ್ಕೋಪು ಎಂದರೆ ನಳಿಗೆಯ ಮೇಲೆ ಕೂರುವ ದುರ್ಬೀನು. ಹಾಕಿಸಿದೆ. ಅದಕ್ಕೆ ಅಡ್ಡ ಬರುತ್ತದೆ ಎಂದು ತುದಿಯ ಮಣಿಯನ್ನು ಕೀಳಿಸಿದೆ. ಆಮೇಲೆ ಬೆರಳಲ್ಲಿ ಒತ್ತುವ ಕುದುರೆ ಗಟ್ಟಿ ಎಂದ, ಸ್ಪ್ರಿಂಗು ಬದಲಾಯಿಸಿದೆ. ಆಮೇಲೆ ನಿಲ್ಲಿಸಿ ಹೊಡೆಯಲು ಎರಡು ಕಾಲು. ಆಮೇಲೆ ಕೆನ್ನೆಗೆ ಒಂದು ದಿಂಬು, ಭುಜಕ್ಕೆ ಒಂದು ರಬ್ಬರು, ಹೊರಲು ಒಂದು ಚರ್ಮದ ಪಟ್ಟಿ. ಕಟ್ಟೆಮಳಲವಾಡಿಯ ಹೆಣ್ಣು ನನ್ನ ಹೆಂಡತಿ, ಮಾತು ಇಟ್ಟುಕೊಳ್ಳುವವಳಲ್ಲ. “ನನ್ ಮದ್ವೇಲಿ ನನ್ಗೂ ಇಷ್ಟ್ ಒಡ್ವೆ ಇಕ್ಕಿರ್ನಿಲ್ಲ ಕಣ್ರೀ ನಿಮ್ಮೋರು” ಎಂದು ಅಪ್ಪನ ಎದುರಿಗೇ ಹೇಳಿದಳು. ಅಪ್ಪ ನಕ್ಕ. ನಾನೂ ನಕ್ಕೆ. ಒಳಗೆ ಮಾತ್ರ, ಇವರಿಗೆಲ್ಲ ಏನು ತಿಳಿಯುತ್ತದೆ ಎಂಬ ದಿಮಾಕು. ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಬೆಳೆ ರಕ್ಷಣೆಗೆ ಎಂದು ಅರ್ಜಿಯಲ್ಲಿ ಬರೆದುಕೊಟ್ಟ ಕೋವಿ ಅದು. ಜೂನಿನಲ್ಲಿ ಹಂದಿಗಳು ಬಂದು ಜೋಳದ ಹೊಲವನ್ನು ಉತ್ತು ಹೋದ ದಿನ ರೈಫಲ್ಲಿನ ಕುದುರೆ ಒಂದು ಸ್ಟೀಲಿನ ತಟ್ಟೆಯಲ್ಲಿ, ಸೀಮೆಎಣ್ಣೆಯಲ್ಲಿ ನೆನೆಯುತ್ತಿತ್ತು. ಬೆಳಿಗ್ಗೆ ಅಪ್ಪ ಹೋಗಿ ನೋಡಿಕೊಂಡು ಬಂದು, ಮುರಿದ ಜೋಳದ ದಂಟುಗಳನ್ನು ಆಯ್ದು ಹಸುವಿಗೆ ಹಾಕಿದ. ನಡುವೆ ಮೂರು ನಾಲ್ಕು ಸಲ ಕೇಳಿದ, “ನಿನ್ನೆದ್ರುಗೇ ನಾನೊಂದ್ಸಲ ಬುಜಕ್ಕೆ ಒರಗಿಸಿ ಹಿಡ್ದು ನೋಡ್ತೀನಿ ಕಣ್ಲಾ, ತೂಕ ಗೊತ್ತಾಗ್ಲಿ” ಎಂದು. “ಪೂರ್ತಿ ಆಗ್ಲಿ ತಡಿಯಪ್ಪ” ಎಂದೆ. ಹೊಸ ಕೋವಿ ತಂದ ದಿನವೇ ಅದು ಪೂರ್ತಿ ಇತ್ತು.

ಇನ್ನು ಉಳಿದದ್ದು ಹಿಡಿ. ಸ್ಪರ್ಧೆಗೆ ಬರುವ ಎಸ್ಟೇಟಿನವರ ಕೋವಿಗಳ ಹಿಡಿ ಕನ್ನಡಿಯಂತೆ ಹೊಳೆಯುತ್ತವೆ. ನನಗೂ ಅಂಥದ್ದೇ ಬೇಕು ಎನ್ನಿಸಿತು. ಮುಂಗಾರಿಗೆ ಮುಂಚಿನ ಗಾಳಿಗೆ ನಮ್ಮ ಬದುವಿನ ಹಲಸಿನ ದೊಡ್ಡ ಕೊಂಬೆ ಮುರಿದುಬಿದ್ದಿತ್ತು. ಅದರಲ್ಲಿ ಒಂದು ದಪ್ಪ ಹಲಗೆ ಕೊಯ್ಸಿಕೊಂಡು ಹುಣಸೂರಿನ ಒಬ್ಬ ಮರಗೆಲಸದವನ ಹತ್ತಿರ ಹೋದೆ. ಅವನು ಹಲಗೆಯನ್ನು ಬೆರಳಲ್ಲಿ ತಟ್ಟಿ, ಮೂಸಿ, ಗೋಡೆಗೆ ಒರಗಿಸಿದ.

“ಹಸಿ ಅದೆ ಸಾರ್. ಎರಡು ಬ್ಯಾಸ್ಗೆ ನೆಳ್ಳಲ್ಲಿ ಮಲಗ್ಸಿ. ಆಮೇಲೆ ತನ್ನಿ, ಮಾಡ್ಕೊಡ್ತೀನಿ.”

ಎರಡು ಬೇಸಿಗೆ! ಸ್ಪರ್ಧೆಗೆ ಇದ್ದದ್ದು ಎರಡು ತಿಂಗಳು. ಆಗ ನನಗೆ ಒಂದು ಬುದ್ಧಿ ಹೊಳೆಯಿತು. ಹೊಗೆಸೊಪ್ಪಿನವನಿಗೆ ಮಾತ್ರ ಹೊಳೆಯಬಲ್ಲ ಬುದ್ಧಿ. ನಮ್ಮ ಕಡೆ ಏನು ಒಣಗಬೇಕಿದ್ದರೂ ಬ್ಯಾರನ್ನು ಇದೆಯಲ್ಲ ಎನ್ನುವುದು ಅಭ್ಯಾಸ. ಮಳೆಗಾಲದಲ್ಲಿ ಕಂಬಳಿ, ಮೆಣಸಿನಕಾಯಿ, ಮಕ್ಕಳ ಶಾಲೆಯ ಬೂಟು, ಎಲ್ಲ ಅಲ್ಲೇ ಒಣಗುವುದು. ನೀರು ತುಂಬಿದ ಹಸಿ ಎಲೆಯನ್ನು ಆರು ದಿನದಲ್ಲಿ ಚಿನ್ನದ ಬಣ್ಣಕ್ಕೆ ತಿರುಗಿಸಿ ದಂಟಿನ ತನಕ ಒಣಗಿಸುವ ಮನೆ, ಒಂದು ಹಲಗೆಯನ್ನು ಒಣಗಿಸದೆ ಇರುತ್ತದೆಯೆ? ಆಗಸ್ಟಿನಲ್ಲಿ ಮೊದಲ ಬ್ಯಾರನ್ನು ತುಂಬಿದಾಗ ಎಲೆ ಪೋಣಿಸಿದ ಕಡ್ಡಿಗಳ ಜೊತೆ ಹಲಸಿನ ಹಲಗೆಯನ್ನೂ ತೂಗುಹಾಕಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದ.

“ಎಲೆ ಅಲ್ಲ ಕಣ್ಲಾ ಅದು. ಮರ. ಬೆಂಕಿ ಕಾಯ್ಸುದ್ರೆ ಮೇಲ್ ಮೇಲೆ ಒಣಗ್ತದೆ, ಒಳ್ಗೆ ಅಂಗೇ ಇರ್ತದೆ.”

“ನೀನು ಸುಮ್ನಿರಪ್ಪ,” ಎಂದೆ.

ಎರಡು ಸಲದ ಬೇಯಿಸುವಿಕೆಯಲ್ಲಿ ಹಲಗೆ ಖಣಖಣ ಎನ್ನುವಂತೆ ಒಣಗಿತು. ಮರಗೆಲಸದವನು ಮೂಸಿ ನೋಡಿ ಮೂಗು ಮುರಿದ, “ನಿಮ್ಮಿಷ್ಟ” ಎಂದು ಕೆತ್ತಿಕೊಟ್ಟ. ಪಾಲಿಶು ಹಚ್ಚಿ ರೈಫಲ್ಲನ್ನು ಅದರಲ್ಲಿ ಕೂರಿಸಿದಾಗ ಗೊಬ್ಬರದಂಗಡಿಯ ಗೆಳೆಯ ಫೋಟೋ ತೆಗೆದು ಯಾರು ಯಾರಿಗೋ ಕಳಿಸಿದ. ನಾನೂ ಎದೆಯುಬ್ಬಿಸಿ ನಿಂತೆ. ಕಂಪನಿಯ ಸಾದಾ ಹಿಡಿಯನ್ನು ಅಟ್ಟಕ್ಕೆ ಎಸೆದೆ.

ಸೆಪ್ಟೆಂಬರಿನ ಸೋನೆಗೆ ಹಲಸು ತನ್ನ ಬುದ್ಧಿ ತೋರಿಸಿತು. ಒಳಗೆ ಉಳಿದಿದ್ದ ಹಸಿಯೂ ಹೊರಗಿನ ಥಂಡಿಯೂ ಸೇರಿ ಹಿಡಿ ಕೂದಲೆಳೆಯಷ್ಟು ತಿರುಚಿಕೊಂಡು ನಳಿಗೆಯನ್ನು ಪಕ್ಕದಿಂದ ಒತ್ತತೊಡಗಿತು. ಬಿಸಿಲಿನ ಮಧ್ಯಾಹ್ನ ಗುಂಡು ನೆಟ್ಟಗೆ ಹೋಗುತ್ತಿತ್ತು, ಥಂಡಿಯ ಬೆಳಿಗ್ಗೆ ನಾಲ್ಕು ಬೆರಳು ಎಡಕ್ಕೆ. ಸ್ಕೋಪಿನ ತಿರುಪು ತಿರುಗಿಸಿ ಬೆಳಿಗ್ಗೆ ಸರಿಮಾಡಿದರೆ ಮಧ್ಯಾಹ್ನ ಕೆಡುತ್ತಿತ್ತು. ಸ್ಪರ್ಧೆಗೆ ಇನ್ನು ಮೂರು ದಿನ ಇರುವಾಗ ಬದುವಿನ ಮಣ್ಣಿಗೆ ಹೊಡೆದು ಇದನ್ನು ನಾನು ಖಚಿತ ಮಾಡಿಕೊಂಡೆ. ಹಳೆಯ ಹಿಡಿ ಅಟ್ಟದಲ್ಲೇ ಇತ್ತು. ಎರಡು ತಿರುಪು ಬಿಚ್ಚಿ ಕೂರಿಸಿದ್ದರೆ ಮುಗಿಯುತ್ತಿತ್ತು. ಆದರೆ ಫೋಟೋ ಹೋಗಿಬಿಟ್ಟಿತ್ತಲ್ಲ! ಅಲ್ಲಿ ಎಲ್ಲರೂ ಆ ಹಿಡಿಯನ್ನು ನೋಡಲು ಕಾದಿರುತ್ತಾರಲ್ಲ! ಬಿಸಿಲು ಬಂದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಅವತ್ತು ಬಿಸಿಲು ಬರಲಿಲ್ಲ. ಗಡಿಯ ಊರಿನ ಬಯಲಲ್ಲಿ ಬೆಳಿಗ್ಗೆಯಿಂದ ಮೋಡ ಮುಚ್ಚಿ, ಹುಲ್ಲೆಲ್ಲ ಒದ್ದೆ. ಅಪ್ಪ ಬಿಳಿ ಅಂಗಿ ಹಾಕಿಕೊಂಡು, ಟವೆಲ್ಲನ್ನು ಮಡಿಸಿ ಹೆಗಲ ಮೇಲೆ ಇಟ್ಟುಕೊಂಡು ಬಂದಿದ್ದ. ಕಾಯಿ ಕಟ್ಟಿಕೊಂಡು ಬರುತ್ತಿದ್ದ ಅದೇ ಟವೆಲ್ಲಲ್ಲ, ಆದರೆ ಅದೇ ಮಡಿಕೆ.

ನನ್ನ ಸರದಿ ಬಂತು. ಹಿಡಿಯನ್ನು ನೋಡಿ ನಾಲ್ಕು ಜನ ಸುತ್ತ ಸೇರಿದರು. ಅಪ್ಪ ನನ್ನ ಹಿಂದೆ, ಸ್ವಲ್ಪ ಪಕ್ಕಕ್ಕೆ ನಿಂತಿದ್ದ. ಮಧ್ಯಾಹ್ನದ ಬಿಸಿಲಿಗೆ ಕೂರಿಸಿದ್ದ ಸ್ಕೋಪನ್ನೇ ನಂಬಿ ನೆಟ್ಟಗೆ ಗುರಿಯಿಟ್ಟು ಹೊಡೆದೆ. ಕಾಯಿ ಅಲುಗಲಿಲ್ಲ, ಹಿಂದಿನ ದಿಬ್ಬದಲ್ಲಿ ಮಣ್ಣೆದ್ದಿತು. ಎರಡನೆಯದೂ ಹಾಗೇ. ಯಾರೋ ಹಿಂದೆ ಕಿಸಕ್ಕೆಂದರು. ಮೂರನೆಯದಕ್ಕೆ ನಾನು ಸ್ಕೋಪಿನ ಗೆರೆಯನ್ನು ಕಾಯಿಯಿಂದ ನಾಲ್ಕು ಬೆರಳು ಬಲಕ್ಕೆ ಸರಿಸಿ, ಏನೂ ಇಲ್ಲದ ಮಣ್ಣಿಗೆ ಗುರಿಯಿಟ್ಟು ಒತ್ತಿದೆ. ಕಾಯಿ ಒಡೆದು ನೀರು ಚಿಮ್ಮಿತು.

ಚಪ್ಪಾಳೆ ಬಿತ್ತು. ಗೊಬ್ಬರದಂಗಡಿಯವನು ಕೂಗಿಯೇ ಕೂಗಿದ, “ನೋಡ್ರಲಾ, ಎಂಗ್ ರೆಡಿ ಮಾಡ್ಸಿದೀವಿ! ಸೂಜಿ ಕಣ್ಗೆ ಗುಂಡ್ ತೂರ್ತದೆ!” ಎಸ್ಟೇಟಿನವರೊಬ್ಬರು ಬಂದು ಹಿಡಿಯ ಮೇಲೆ ಕೈಯಾಡಿಸಿ, ಒಳ್ಳೆಯ ಮರ ಎಂದರು. ನಾನು ಬೀಗಿದೆ. ಆ ಹೊತ್ತಿಗೆ ಸರಿಯಾಗಿ ಸ್ಪರ್ಧೆ ನಡೆಸುವವರು ಅಪ್ಪನನ್ನು ಕರೆದರು.

“ಅಜ್ಜನಿಗೆ ಮೂರು ಈಡುಂಟು,” ಎಂದರು.

“ಒಂದು ಸಾಕು ಸ್ವಾಮಿ,” ಎಂದ ಅಪ್ಪ.

ರೈಫಲ್ಲನ್ನು ಅವನ ಕೈಗೆ ಕೊಟ್ಟೆ. ಯುಗಾದಿಯಿಂದ ಕೇಳುತ್ತಿದ್ದವನ ಕೈಗೆ ಅದು ಅವತ್ತು ಮೊದಲ ಸಲ ಹೋಯಿತು. ತೂಕಕ್ಕೆ ತೋಳು ಒಂದು ಸಲ ಜಗ್ಗಿತು, ಆಮೇಲೆ ನಿಂತಿತು. ಈಗ ಹೇಳಬೇಕಿತ್ತು. ದೊಡ್ಡದಾಗಿ ಕೂಗಿ ಹೇಳಬೇಕಾಗಿರಲಿಲ್ಲ. ಕಿವಿಯ ಹತ್ತಿರ ಬಗ್ಗಿ, ನಾಲ್ಕು ಬೆರಳು ಬಲಕ್ಕೆ ಹಿಡಿಯಪ್ಪ, ಎಂದರೆ ಸಾಕಾಗಿತ್ತು. ಪಕ್ಕದಲ್ಲಿ ಎಸ್ಟೇಟಿನವರು ನಿಂತಿದ್ದರು. ಗೆಳೆಯನ ಕೂಗು ಇನ್ನೂ ಗಾಳಿಯಲ್ಲೇ ಇತ್ತು. ಅವರ ಕಿವಿಗೆ ಬಿದ್ದರೆ? ನನ್ನ ಬಾಯಿ ಏಳಲಿಲ್ಲ.

ಕುದುರೆ ಒತ್ತುವ ಮುಂಚೆ ಅಪ್ಪ ಸ್ಕೋಪಿನಿಂದ ಕಣ್ಣು ತೆಗೆದು, ತಿರುಗಿ, ಒಂದು ಸಲ ನನ್ನ ಮುಖ ನೋಡಿದ. ಅಪ್ಪಣೆ ಕೇಳುತ್ತಿದ್ದಾನೆ ಎಂದುಕೊಂಡೆ.

“ಒಡಿಯಪ್ಪ,” ಎಂದೆ.

ಹೊಡೆದ. ಕಾಯಿ ಅಲುಗಲಿಲ್ಲ. ದಿಬ್ಬದಲ್ಲಿ ಮಣ್ಣೆದ್ದಿತು. “ವಯಸ್ಸಾಯ್ತಲ್ಲ, ಪಾಪ” ಎಂದು ಯಾರೋ ಅಂದರು. ಆಗಲೂ ನಾನು ಸುಮ್ಮನಿದ್ದೆ. ಅಪ್ಪ ರೈಫಲ್ಲನ್ನು ನನ್ನ ಕೈಗಿಟ್ಟು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹೋಗಿ ನಾವು ಬಂದಿದ್ದ ಜೀಪಿನಲ್ಲಿ ಕೂತ. ನನಗೆ ಕೊಟ್ಟ ಬಹುಮಾನದ ಸ್ಟೀಲಿನ ಕೊಡವನ್ನು ದಾರಿಯುದ್ದಕ್ಕೂ ಅವನೇ ತೊಡೆಯ ಮೇಲೆ ಹಿಡಿದುಕೊಂಡಿದ್ದ, ಜೀಪು ಕುಲುಕಿದಾಗ ಶಬ್ದ ಬಾರದಿರಲೆಂದು.

ಆ ವರ್ಷ ಅಪ್ಪ ಎಲೆ ಮುಟ್ಟಲಿಲ್ಲ. ಗ್ರೇಡಿನ ಗೋಣಿತಾಟು ಹಾಸಿದ ದಿನ ಎದ್ದು ಹೊಲದ ಕಡೆ ಹೋದ. ಹೆಂಡತಿ ಕರೆದಳು, “ಬನ್ನಿ ಮಾವ, ನೀವಿಲ್ದೆ ಎಂಗೆ?” “ಅವ್ನೇ ಮಾಡ್ತಾನೆ ಬುಡವ್ವ,” ಎಂದ. ಊರವರು ಸಂಶಯದ ಎಲೆ ಹಿಡಿದು ಬಂದರೆ ನನ್ನ ಕಡೆ ಕೈ ತೋರಿಸಿದ. ನಾನು ಗ್ರೇಡು ಮಾಡಿದೆ. ನನ್ನ ಗ್ರೇಡಿನ ಬೇಲುಗಳನ್ನು ಹರಾಜು ಕಟ್ಟೆಯಲ್ಲಿ ಬಿಚ್ಚಿ, ಒಳಗೆ ಕೈಹಾಕಿ, ಹಳದಿಯ ನಡುವಿನಿಂದ ಕಂದು ಎಲೆಗಳನ್ನು ಹಿರಿದು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದರು. “ನಿಮ್ಮಪ್ಪ ಎಲ್ಲಿ?” ಎಂದು ಪಕ್ಕದ ಊರಿನ ರೈತನೊಬ್ಬ ಕೇಳಿದ. ಕಣ್ಣು ಸರಿಯಿಲ್ಲ ಎಂದೆ. ಆ ಸುಳ್ಳನ್ನು ಹೇಳಿದ ಬಾಯಿಯಲ್ಲೇ ಅವತ್ತು ಮಧ್ಯಾಹ್ನ ಅನ್ನ ಇಟ್ಟುಕೊಂಡಾಗ ಮೊದಲ ಸಲ ನನಗೆ ಓಕರಿಸಿ ಬಂತು. ಊಟ ಬಿಟ್ಟು ಎದ್ದೆ.

ಮನೆಗೆ ಬಂದವನೇ ಅಟ್ಟ ಹತ್ತಿ ಕಂಪನಿಯ ಹಿಡಿ ಇಳಿಸಿದೆ. ಹಲಸನ್ನು ಬಿಚ್ಚಿದಾಗ ನಳಿಗೆ ಒತ್ತಿದ ಕಡೆ ಮರದಲ್ಲಿ ಉದ್ದಕ್ಕೆ ಕಪ್ಪು ಗೆರೆ ಬಿದ್ದಿತ್ತು. ಅದನ್ನು ತೆಗೆದುಕೊಂಡು ಜಗಲಿಗೆ ಹೋದೆ. ಅಪ್ಪ ಹಗ್ಗ ಹೊಸೆಯುತ್ತಿದ್ದ.

“ಅಪ್ಪಾ, ನಿನ್ ಕಣ್ಣು ಸರಿಯಾಗೇ ಅದೆ. ಕೋವಿ ಎಡಕ್ಕೆ ಎಳೀತಿತ್ತು. ನಂಗೆ ಗೊತ್ತಿತ್ತು. ಏಳ್ನಿಲ್ಲ,” ಎಂದೆ. ಕೈಯಲ್ಲಿದ್ದ ಹಿಡಿಯ ಗೆರೆ ತೋರಿಸಿದೆ.

ಅಪ್ಪ ಗೆರೆಯನ್ನು ನೋಡಲಿಲ್ಲ. ಹಗ್ಗದ ಎಳೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡ.

“ನಂಗೂ ಗೊತ್ತಿತ್ತು ಕಣ್ಲಾ. ನಿನ್ನ ಮೊದ್ಲೆರಡು ಈಡಿಗೆ ಮಣ್ಣೆದ್ದಿದ್ದು ಕಾಯಿಂದ ಎಡಕ್ಕೆ. ಮೂರ್ನೇದು ಕಾಯಿಗೇ ಬಿತ್ತು. ತಿರುಪು ಮುಟ್ನಿಲ್ಲ ನೀನು. ಅಲ್ಲಿಗೆ ಗುರಿ ಬಲಕ್ಕೆ ಇಡ್ದಿದೀಯ ಅಂತ ತಿಳೀತು.”

ಹಿಡಿಯನ್ನು ಕೆಳಗಿಟ್ಟೆ. “ಗೊತ್ತಿದ್ದೂ ನೀನ್ಯಾಕೆ ನೆಟ್ಟಗೆ ಒಡ್ದೆ?”

“ಒಡೆಯೋಕ್ ಮುಂಚೆ ನಿನ್ ಮುಖ ನೋಡ್ದೆ, ಏಳ್ತೀಯೇನೋ ಅಂತ. ನೀನು ಒಡಿಯಪ್ಪ ಅಂದೆ. ಮಗ ಏಳಿದ್ಮೇಲೆ ನೆಟ್ಟಗೇ ಒಡೀಬೇಕಲ್ವಾ.”

“ಅಂಗಾರೆ ಎಲೆ ಯಾಕ್ ಮುಟ್ನಿಲ್ಲ?”

“ಅಷ್ಟ್ ದೂರದ ಮಣ್ಣು ಕಂಡೋನ್ಗೆ ಕೈಲಿರೋ ಎಲೆ ಕಾಣಲ್ವಾ? ಕಣ್ಣು ಚೆನ್ನಾಗದೆ. ನಿನ್ ಪಕ್ಕ ಕೂರಕ್ಕೆ ಮನ್ಸಾಗ್ನಿಲ್ಲ, ಅಷ್ಟೆ.”

ಅಷ್ಟು ಹೇಳಿ ಹಗ್ಗ ಹೊಸೆಯತೊಡಗಿದ. ಸಿಟ್ಟಿನ ದನಿಯಾಗಿರಲಿಲ್ಲ. ಸಿಟ್ಟು ಮಾಡಿದ್ದರೆ ಕಾಲು ಹಿಡಿಯಬಹುದಿತ್ತು. ನನ್ನ ಮೇಲೆ ನನಗೆ ಇದ್ದ ಹೇಸಿಗೆ ಅವನಿಗೂ ಇತ್ತು, ನನಗಿಂತ ಎರಡು ತಿಂಗಳು ಮೊದಲೇ ಇತ್ತು.

ಸ್ಕೋಪು, ಕಾಲು, ದಿಂಬು ಎಲ್ಲವನ್ನೂ ಬಿಚ್ಚಿ ಚೀಲಕ್ಕೆ ತುಂಬಿ ಗೊಬ್ಬರದಂಗಡಿಯ ಜಗಲಿಯ ಮೇಲೆ ಇಟ್ಟು ಬಂದೆ. ಮೈಸೂರಿಗೆ ಹೋಗಿ ಮಣಿಯನ್ನು ಮತ್ತೆ ಕೂರಿಸಿಕೊಂಡು ಬಂದೆ. ಕೋವಿ ಈಗ ತಂದ ದಿನ ಇದ್ದ ಹಾಗೇ ಇದೆ, ನೆಟ್ಟಗೆ ಹೊಡೆಯುತ್ತದೆ.

ಈ ವರ್ಷ ಗೋಣಿತಾಟು ಹಾಸಿದಾಗ ಅಪ್ಪ ಬಂದು ಕೂತ. ಬೆರಳು ಮೊದಲಿನಷ್ಟೇ ಚುರುಕು. ಹಳದಿ, ಕಿತ್ತಳೆ, ಕಂದು, ಎಲ್ಲ ಅದರದರ ರಾಶಿಗೆ ಬೀಳುತ್ತವೆ. ಸಂಶಯದ ಎಲೆ ಬಂದರೆ ನಾನು ಎತ್ತಿ ಹಿಡಿದು, ಇದು ಯಾವುದಪ್ಪ, ಇದರಲ್ಲಿ ಕಲೆ ಇಲ್ಲ, ನೋಡಿದ್ದೇನೆ, ಎನ್ನುತ್ತೇನೆ. ಅಪ್ಪ ಮೊದಲು ನನ್ನ ಮುಖ ನೋಡುತ್ತಾನೆ. ಆಮೇಲೆ ಎಲೆಯನ್ನು ಕೈಯಿಂದ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ತಾನೇ ಬೆಳಕಿಗೆ ಹಿಡಿಯುತ್ತಾನೆ.